ಮೋಡನ ಲದ್ದಿ ಲೆಕ್ಕ

ನಮ್ಮ ಸವಾರಿ ಶಾಲೆಯ ಹಾಜರಿ ಪುಸ್ತಕದ ನಾಲ್ಕೈದು ಹಾಳೆಗಳಲ್ಲಿ ಮಕ್ಕಳ ಹೆಸರೇ ಇಲ್ಲ. ಅಲ್ಲಿ ಇರುವುದು ಹೀಗೆ: ‘ರಾತ್ರಿ 11.20 – ಲದ್ದಿ ಇಲ್ಲ. 12.00 – ಇಲ್ಲ. 12.45 – ನಾಲ್ಕು ಉಂಡೆ, ಚಿಕ್ಕವು, ಒಣ.’ ಕೈಬರಹ ನನ್ನದೇ. ಹೋದ ಮಳೆಗಾಲದಲ್ಲಿ ಹತ್ತು ದಿನ ನಾನು ಮಾಡಿದ ಮುಖ್ಯ ಕೆಲಸ ಅಂದರೆ ಕುದುರೆ ಯಾವಾಗ ಲದ್ದಿ ಹಾಕುತ್ತೆ ಅಂತ ಕಾಯುತ್ತಾ ಕೂತಿದ್ದು.

ಆ ಕುದುರೆಯ ಹೆಸರು ಮೋಡ. ಬೂದು ಬಣ್ಣ, 11 ವರ್ಷ, ಸುಮಾರು 450 ಕೆ.ಜಿ. ತೂಕ. ಕುಣಿಗಲ್‌ನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮೂರು ವರ್ಷ ರೇಸ್ ಓಡಿ, ಹೇಳಿಕೊಳ್ಳುವಂಥದ್ದೇನೂ ಗೆಲ್ಲದೆ, ಹೆಸರಘಟ್ಟದ ಹತ್ತಿರ ಇರುವ ನಮ್ಮ ಲಾಯಕ್ಕೆ ಬಂದವನು. ಅವನ ಜೊತೆಯಲ್ಲೇ ಬಂದವರು ಚಾಚಾ. ಮೂವತ್ತು ವರ್ಷ ರೇಸ್ ಕುದುರೆಗಳ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಆಗಿದ್ದವರು. ಕುದುರೆ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು. ಉಳಿದರ್ಧ ತಪ್ಪು ಮಾಡಿ ಕಲಿತದ್ದು.

ಈ ಸಲದ ತಪ್ಪು ಬೇಲಿ ತಂತಿಯಿಂದ ಶುರುವಾಯಿತು. ಮೋಡನ ಎಡ ಹಿಂಗಾಲಿನ ದೊಡ್ಡ ಕೀಲು, ಕುದುರೆಯವರು ಹಾಕ್ ಅನ್ನುವ ಜಾಗ. ಅಲ್ಲಿ ಹುರುಳಿ ಕಾಳಿನಷ್ಟು ಒಂದು ತೂತು. ರಕ್ತ ಕೂಡ ಸರಿಯಾಗಿ ಬಂದಿರಲಿಲ್ಲ. ತೊಳೆದೆ, ಅರಿಶಿನ ಹಚ್ಚಿದೆ, ಟೆಟನಸ್ ಇಂಜೆಕ್ಷನ್ ಕೊಡಿಸಿದೆ, ಸುಮ್ಮನಾದೆ. ಕೀಲಿನ ಹತ್ತಿರ ಆದ ಗಾಯ ಎಷ್ಟು ಚಿಕ್ಕದಿದ್ದರೂ ಅವತ್ತೇ ಡಾಕ್ಟರಿಗೆ ತೋರಿಸಬೇಕು ಅಂತ ಚಾಚಾ ಹೇಳಿದ್ದರು. ನಾನು ಕೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮೋಡ ಲಾಯದ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಎಡ ಹಿಂಗಾಲಿನ ಗೊರಸಿನ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಒದ್ದಾಟ ಇಲ್ಲ, ಸದ್ದಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ‘ಕುಂಟುತ್ತಿದ್ದಾನೆ, ಆದರೆ ಶಾಂತವಾಗಿದ್ದಾನೆ, ತುಂಬಾ ನೋವಿದ್ದ ಹಾಗೆ ಕಾಣ್ತಿಲ್ಲ’ ಅಂದೆ. ಆ ಮಾತು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಡಾಕ್ಟರ್ ನನಗಿಂತ ಹದಿನೈದು ವರ್ಷ ಚಿಕ್ಕವರು. ಬಂದವರೇ ಕಾಲು ಮುಟ್ಟಲಿಲ್ಲ. ಬಾಗಿಲ ಹೊರಗೆ ಐದು ನಿಮಿಷ ಸುಮ್ನೆ ನಿಂತು ಅವನ ಮುಖ ನೋಡಿದರು. ಆಮೇಲೆ ಎದೆಬಡಿತ ಎಣಿಸಿದರು. ನಿಮಿಷಕ್ಕೆ 64. ಆರಾಮಾಗಿರುವ ಕುದುರೆಯದು 28ರಿಂದ 44ರ ಒಳಗಿರುತ್ತದೆ.

‘ಮೇಡಂ, ಇವನು ಶಾಂತವಾಗಿಲ್ಲ. ಅಲ್ಲಾಡೋಕೆ ಹೆದರಿಕೊಂಡು ನಿಂತಿದ್ದಾನೆ’ ಅಂದರು.

ನೋವಿನ ಮುಖ ಹೇಗಿರುತ್ತದೆ ಅಂತ ತೋರಿಸಿಕೊಟ್ಟರು. ಕಿವಿಗಳು ಬಿಗಿಯಾಗಿ ಹಿಂದಕ್ಕೆ ತಿರುಗಿವೆ. ಕಣ್ಣು ಅರ್ಧ ಮುಚ್ಚಿದ ಹಾಗಿದೆ. ಕಣ್ಣಿನ ಮೇಲಿನ ಮೂಳೆ ಎದ್ದು ಕಾಣುತ್ತಿದೆ. ದವಡೆಯ ಸ್ನಾಯು ಉಬ್ಬಿದೆ. ಬಾಯಿ ಬಿಗಿದು ಗದ್ದ ಗಂಟಾಗಿದೆ. ಮೂಗಿನ ಹೊಳ್ಳೆ ಸೆಟೆದು ಮುಖದ ಅಂಚು ಚಪ್ಪಟೆಯಾಗಿದೆ. ಒಟ್ಟು ಆರು ಗುರುತು. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಬೀಜ ತೆಗೆಸಿಕೊಂಡ ಕುದುರೆಗಳ ಮುಖಗಳನ್ನು ನೋಡಿ ನೋಡಿ ಮಾಡಿದ ಅಳತೆಯಂತೆ ಇದು, 2014ರಲ್ಲಿ ಪ್ರಕಟವಾದದ್ದು. ಮೋಡನಿಗೆ 12ಕ್ಕೆ 8 ಬಂತು. ನನ್ನ ಮಕ್ಕಳಿಗೆ ಯಾವ ಪರೀಕ್ಷೆಯಲ್ಲಿ ಎಷ್ಟು ಬಂದರೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ.

ಕೀಲಿಗೆ ಸೂಜಿ ಹಾಕಿದರು. ಜೇನಿನ ಹಾಗೆ ಎಳೆಎಳೆಯಾಗಿ ಬರಬೇಕಾದ ದ್ರವ ಕಲಗಚ್ಚಿನ ಹಾಗೆ ನೀರಾಗಿ, ಮಬ್ಬಾಗಿ ಬಂತು. ಕೀಲಿನೊಳಗೆ ಸೋಂಕು. ಒಂದು ಕಡೆಯಿಂದ ಸಲೈನ್ ಬಿಟ್ಟು ಇನ್ನೊಂದು ಕಡೆಯಿಂದ ಹರಿಸಿ, ಲೀಟರ್‌ಗಟ್ಟಲೆ ತೊಳೆದು, ಆಂಟಿಬಯಾಟಿಕ್ ಒಳಗೇ ಬಿಡಬೇಕು. ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಬ್ಯುಟಾರ್ಫನಾಲ್ ಅನ್ನುವ ಹೆಸರು ನಾನು ಮೊದಲು ಕೇಳಿದ್ದು ಅವತ್ತು. ಅಫೀಮು ಜಾತಿಯ ನೋವಿನ ಔಷಧಿ, ಮಾರ್ಫಿನ್‌ನ ದೂರದ ನೆಂಟ. ನಿದ್ದೆಗಣ್ಣು ಬರಿಸುವ ಡೆಟೊಮಿಡಿನ್ ಜೊತೆಗೆ ಅದನ್ನು ಸ್ವಲ್ಪ ಸೇರಿಸಿದರೆ ಕುದುರೆ ತಲೆ ತಗ್ಗಿಸಿ, ತುಟಿ ಜೋಲಿಸಿ, ನಿಂತಲ್ಲೇ ನಿಲ್ಲುತ್ತದೆ. ನಮಗೆ ಸಿಕ್ಕಿದ್ದು ಮನುಷ್ಯರಿಗೆ ಮಾಡಿದ 2 ಮಿ.ಗ್ರಾಂ.ನ ಪುಟಾಣಿ ಆಂಪೂಲ್‌ಗಳು. ತೊಳೆಯುವ ಹೊತ್ತಿಗೆ ಐದು ಸಾಕಾಯಿತು. ಆದರೆ ನೋವಿಗೆ ಅಂತ ಅದೊಂದನ್ನೇ ಕೊಡುವಾಗ ಒಂದು ಸಲಕ್ಕೆ ಇಪ್ಪತ್ತೆರಡು ಆಂಪೂಲ್ ಒಡೆಯಬೇಕಿತ್ತು. ಡಾಕ್ಟರ್ ಜೊತೆಗಿದ್ದ ಇಂಟರ್ನ್‌ಶಿಪ್ ಹುಡುಗ ಅದನ್ನು ಒಂದೊಂದಾಗಿ ಒಡೆದು ಸಿರಿಂಜಿಗೆ ಎಳೆಯುತ್ತಾ ಕೂತಿರುವುದನ್ನು ನೋಡಿದರೆ ಅವರೆಕಾಳು ಹಿತುಕುವುದು ನೆನಪಾಗುತ್ತಿತ್ತು.

ಮಾಮೂಲಿ ನೋವಿನ ಔಷಧಿ ಯಾಕೆ ಸಾಲದು ಅಂತ ಕೇಳಿದೆ. ಫ್ಲುನಿಕ್ಸಿನ್ ಹೇಗೂ ಕೊಡುತ್ತಿದ್ದರು. ಅದು ಊತ ಇಳಿಸುತ್ತದೆ, ಆದರೆ ಡೋಸ್ ಏರಿಸುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಹಾಗಂತ ನೋವನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಒಂದು ಹಿಂಗಾಲು ಎತ್ತಿಕೊಂಡು ನಿಂತರೆ ಇನ್ನೊಂದು ಹಿಂಗಾಲು ಎರಡು ಕಾಲಿನ ಭಾರ ಹೊರಬೇಕು. ದಿನಗಟ್ಟಲೆ ಹಾಗೆ ಹೊತ್ತರೆ ಗೊರಸಿನೊಳಗೆ ಮೂಳೆಯನ್ನು ಹಿಡಿದಿಟ್ಟ ಪದರ ಹರಿಯುತ್ತದೆ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಅನ್ನುವ ಕುದುರೆ ಎರಡೇ ವಾರದಲ್ಲಿ ಇನ್ನೊಂದು ರೇಸಿನಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಆಪರೇಷನ್ ಆಗಿ ಮುರಿದ ಮೂಳೆ ಕೂಡುತ್ತಾ ಬಂದಾಗ ಎಡ ಹಿಂಗಾಲಿನ ಗೊರಸು ಕೈಕೊಟ್ಟಿತು. 2007ರ ಜನವರಿಯಲ್ಲಿ ದಯಾಮರಣ ಕೊಟ್ಟರು. ಚಾಚಾಗೆ ಈ ಕಥೆ ಬಾಯಿಪಾಠ. ಆ ರಾತ್ರಿ ನನಗೆ ಹೇಳಿದ್ದೂ ಅವರೇ, ಬೇಡ ಅಂದರೂ ಪೂರ್ತಿ ಹೇಳಿದರು.

ಎರಡು ದಿನ ಬ್ಯುಟಾರ್ಫನಾಲ್ ಚೆನ್ನಾಗಿ ಕೆಲಸ ಮಾಡಿತು. ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿಗೆ ಮೋಡ ಬುಟ್ಟಿಯ ಕಡೆ ತಿರುಗಿ ಒಂದೆರಡು ಬಾಯಿ ಕುದುರೆಮಸಾಲೆ ಸೊಪ್ಪು ಎಳೆಯುತ್ತಿದ್ದ. ಗಂಟೆ, ಒಂದೂವರೆ ಗಂಟೆ ಆಗುವಷ್ಟರಲ್ಲಿ ಮತ್ತೆ ಗೋಡೆ ಕಡೆ ಮುಖ. ಅಷ್ಟು ಬೇಗ ಇಳಿದುಬಿಡುವ ಔಷಧಿ ಅದು. ನಾಲ್ಕು ಗಂಟೆಗೊಮ್ಮೆ ಕೊಡುತ್ತಿದ್ದರು.

ಐದನೇ ದಿನ ಎರಡನೇ ಸಲ ಕೀಲು ತೊಳೆದರು. ದ್ರವ ತಿಳಿಯಾಗಿತ್ತು. ಎಲ್ಲರಿಗೂ ಖುಷಿ. ಡಾಕ್ಟರ್ ಮನೆಗೆ ಹೋದರು, ಹುಡುಗ ಉಳಿದ. ರಾತ್ರಿ ಒಂಬತ್ತಕ್ಕೆ ಎಂದಿನ ಹಾಗೆ ಇಪ್ಪತ್ತೆರಡು ಆಂಪೂಲ್.

ಒಂಬತ್ತೂ ಕಾಲಿಗೆ ಮೋಡ ನಡೆಯಲು ಶುರು ಮಾಡಿದ.

ಹನ್ನೆರಡಡಿ ಲಾಯದಲ್ಲಿ ಸುತ್ತು, ಸುತ್ತು, ಸುತ್ತು. ಒಂದೇ ದಿಕ್ಕು. ಬಾಗಿಲ ಹತ್ತಿರ ಬಂದಾಗ ತಲೆ ಮೇಲಕ್ಕೆ ಕೊಡವುತ್ತಿದ್ದ. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ. ತುಟಿ ಪಟಪಟ ಅದುರುತ್ತಿತ್ತು. ಕತ್ತಿಗೆ ಕೈ ಇಟ್ಟರೆ ಬೆವರು. ಟಾರ್ಚ್ ಪಕ್ಕದಿಂದ ಹಿಡಿದು ನೋಡಿದೆ, ಕಣ್ಣಿನ ಪಾಪೆ ಇಷ್ಟಗಲ. ಹಾಸಿದ್ದ ಹುಲ್ಲೆಲ್ಲ ಅಂಚಿಗೆ ತಳ್ಳಿ ನಡುವೆ ನೆಲ ಕಾಣುತ್ತಿತ್ತು. ನನಗೆ ಕೈಕಾಲು ತಣ್ಣಗಾಯಿತು. ನೋವು ತಡೆಯಲಾರದೆ ಹುಚ್ಚು ಹಿಡಿದಿದೆ ಅಂತಲೇ ಅಂದುಕೊಂಡೆ. ‘ರಾತ್ರಿ ಒಂದು ಗಂಟೆಗೆ ಕೊಡಬೇಕಾದ ಡೋಸ್ ಈಗಲೇ ಕೊಟ್ಟುಬಿಡಪ್ಪ’ ಅಂದೆ. ಹುಡುಗನೂ ಗಾಬರಿಯಲ್ಲಿದ್ದ, ಆಂಪೂಲ್ ಡಬ್ಬಿ ತೆರೆದೇಬಿಟ್ಟ.

ಚಾಚಾ ಬೀಡಿ ಆರಿಸಿ ಬಂದು ಅಡ್ಡ ನಿಂತರು. ‘ಬೇಡ ಮೇಡಂ. ಅಫೀಮು ತಿಂದ ಕುದುರೆ ಮಲಗಲ್ಲ.’

ನಾನು ಬೈದೆ, ಏನಂತ ಇಲ್ಲಿ ಬರೆಯುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಕೆಟ್ಟ ಕಾಲನ್ನು ನೆಲಕ್ಕೆ ಊರುತ್ತಿದ್ದಾನಾ? ಮುಖಕ್ಕೆ ಎಷ್ಟು ಅಂಕ ಕೊಡ್ತೀರಿ? ಹೊಟ್ಟೆ ಕಡೆ ತಿರುಗಿ ನೋಡುವುದು, ಬಿದ್ದು ಹೊರಳುವುದು ಏನಾದರೂ ಇದೆಯಾ?

ಆಗ ಕಣ್ಣು ಬಿಟ್ಟು ನೋಡಿದೆ. ಮೂರು ದಿನದಿಂದ ತುದಿ ಮಾತ್ರ ತಾಗಿಸುತ್ತಿದ್ದ ಕಾಲನ್ನು ಪೂರ್ತಿ ಊರಿ, ಭಾರ ಹಾಕಿ ಸುತ್ತು ಹೊಡೆಯುತ್ತಿದ್ದಾನೆ! ಕಿವಿ ಮುಂದಕ್ಕಿವೆ. ಗದ್ದ ಸಡಿಲವಾಗಿದೆ. 12ಕ್ಕೆ 2 ಕೊಡಬಹುದು, ಅದೂ ಕಷ್ಟಪಟ್ಟು.

‘ನೋವು ಇಳಿದಿದೆ ಮೇಡಂ. ಅವನನ್ನು ಓಡಾಡಿಸ್ತಿರೋದು ಔಷಧಿ’ ಅಂದರು.

ಜೋರು ನೋವಿರುವಾಗ ಈ ಔಷಧಿ ಕುದುರೆಯ ತಲೆ ಕೆಡಿಸುವುದು ಕಡಿಮೆ. ನೋವಿಲ್ಲದ ಕುದುರೆಗೆ ಅದೇ ಡೋಸ್ ಕೊಟ್ಟರೆ ಮಿದುಳನ್ನು ಕೆಣಕಿ ನಡೆಸುತ್ತದೆ, ಕುಣಿಸುತ್ತದೆ. ಮಧ್ಯಾಹ್ನ ಕೀಲು ತೊಳೆದು ನೋವಿನ ಮೂಲವನ್ನೇ ಅರ್ಧ ತೆಗೆದಿದ್ದೆವು. ರಾತ್ರಿ ಮಾತ್ರ ಹಳೆಯ ಡೋಸ್ ಕೊಟ್ಟಿದ್ದೆವು. ನನ್ನ ಮಾತು ಕೇಳಿ ಇನ್ನೊಂದು ಕೊಟ್ಟಿದ್ದರೆ ಬೆಳಗಿನವರೆಗೆ ಆ ಕಾಲಿನ ಮೇಲೆ ನಡೆಯುತ್ತಲೇ ಇರುತ್ತಿದ್ದ. ಹುಡುಗ ಡಾಕ್ಟರ್ ಹೇಳಿದಷ್ಟು ಡೆಟೊಮಿಡಿನ್ ಕೊಟ್ಟ. ಕೆಲವೇ ನಿಮಿಷದಲ್ಲಿ ಮೋಡ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ. ಚಾಚಾ ಏನೂ ಮಾತಾಡದೆ ಹುಲ್ಲು ಮತ್ತೆ ನಡುವಿಗೆ ಎಳೆದು ಹಾಸಿದರು. ನಾನು ಅವರಿಗೆ ಟೀ ಮಾಡಿಕೊಟ್ಟೆ. ಕ್ಷಮೆ ಕೇಳಿದ್ದು ಮಾರನೇ ದಿನ.

ನನಗೆ ನಂಬಲು ಕಷ್ಟವಾಗಿದ್ದಕ್ಕೆ ಒಂದು ಕಾರಣ ಇತ್ತು. ಅಪ್ಪನ ಕೊನೆಯ ನಾಲ್ಕು ತಿಂಗಳು ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೆವು. ಮಾತ್ರೆ ನುಂಗಿ ಮಲಗಿದರೆ ನಿದ್ದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಅಫೀಮು ಅಂದರೆ ಮಂಪರು, ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಗಸಗಸೆ ಪಾಯಸ ಕುಡಿದರೇ ಮಧ್ಯಾಹ್ನ ಚಾಪೆ ಹುಡುಕುವ ಜನ ನಾವು, ಅಲ್ವಾ? ಕುದುರೆಯಲ್ಲಿ ಎಲ್ಲ ಉಲ್ಟಾ. ಪಾಪೆ ಅಗಲವಾಗುತ್ತದೆ, ಕಾಲಿಗೆ ಚಕ್ರ ಬರುತ್ತದೆ, ಎದೆಬಡಿತ ಏರುತ್ತದೆ, ಮೈ ಬಿಸಿಯಾಗುವುದೂ ಉಂಟು. ಉಸಿರಾಟ ಮಾತ್ರ ಮನುಷ್ಯರಲ್ಲಿ ಇಳಿದುಹೋಗುವಷ್ಟು ಇಳಿಯುವುದಿಲ್ಲ.

ರೇಸ್ ಜಗತ್ತಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ನೋವೂ ಗೊತ್ತಾಗಬಾರದು, ಓಡುವ ಹುಮ್ಮಸ್ಸೂ ಬರಬೇಕು ಅನ್ನುವ ಮೋಸಗಾರನಿಗೆ ಇದಕ್ಕಿಂತ ಬೇಕಾ? ಅಮೆರಿಕದಲ್ಲಿ 1930ರ ದಶಕದಲ್ಲೇ ಕುದುರೆಗಳ ಜೊಲ್ಲು ಪರೀಕ್ಷೆ ಶುರುವಾಯಿತು. 2012ರಲ್ಲಿ ಲೂಸಿಯಾನ, ಒಕ್ಲಹೋಮ, ನ್ಯೂ ಮೆಕ್ಸಿಕೊ ಕಡೆಯ 30ಕ್ಕೂ ಹೆಚ್ಚು ರೇಸ್ ಕುದುರೆಗಳಲ್ಲಿ ಡರ್ಮಾರ್ಫಿನ್ ಸಿಕ್ಕಿತು. ಮಾರ್ಫಿನ್‌ಗಿಂತ ಎಷ್ಟೋ ಪಟ್ಟು ಬಲದ ಆ ವಸ್ತು ದಕ್ಷಿಣ ಅಮೆರಿಕದ ಒಂದು ಮರಗಪ್ಪೆಯ ಚರ್ಮದಲ್ಲಿ ಇರುತ್ತದೆ. ಕುದುರೆಗೆ ಕಪ್ಪೆಯ ವಿಷ! ಆ ಕುದುರೆಗಳು ಓಡಿದ್ದು ಎಂಥ ಕಾಲಿನ ಮೇಲೋ. ಮೋಡ ಸುತ್ತು ಹೊಡೆದಿದ್ದನ್ನು ನೋಡಿದ ಮೇಲೆ ಅದು ನನಗೆ ಬರೀ ಸುದ್ದಿಯಾಗಿ ಉಳಿದಿಲ್ಲ.

ಬೆಳಿಗ್ಗೆ ಆರಕ್ಕೆ ಚಾಚಾ ಬುಟ್ಟಿ ಹಿಡಿದು ಲಾಯ ಗುಡಿಸಲು ಬಂದರು. ಬುಟ್ಟಿ ತುಂಬಲಿಲ್ಲ. ಮೇಯುವ ಕುದುರೆ ದಿನಕ್ಕೆ ಎಂಟು ಹತ್ತು ಸಲವಾದರೂ ಲದ್ದಿ ಹಾಕುತ್ತದೆ. ಮೋಡ ರಾತ್ರಿಯಿಡೀ ಹಾಕಿದ್ದು ಒಂದು ಸಲ. ನನ್ನ ಪುಸ್ತಕದ ಆ ‘ನಾಲ್ಕು ಉಂಡೆ’. ಚಾಚಾ ಒಂದನ್ನು ಕೈಯಲ್ಲಿ ಒಡೆದು ತೋರಿಸಿದರು. ಗೋಲಿಯ ಹಾಗೆ ಗಟ್ಟಿ, ಮೇಲೆ ಬಿಳಿ ಲೋಳೆಯ ಪೊರೆ.

ಇಲ್ಲಿ ಮಾತ್ರ ಅಪ್ಪನೂ ಕುದುರೆಯೂ ಒಂದೇ. ಅಪ್ಪನಿಗೂ ಮಾರ್ಫಿನ್ ಜೊತೆಗೆ ಮಲ ಸಡಿಲವಾಗುವ ಸಿರಪ್ ತಪ್ಪುತ್ತಿರಲಿಲ್ಲ. ಈ ಔಷಧಿಗಳು ಮಿದುಳಿನಲ್ಲಿ ಕೂರುವಂಥದ್ದೇ ಕುರ್ಚಿಗಳು ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಕೂತರೆ ಕರುಳು ಮುಂದಕ್ಕೆ ತಳ್ಳುವ ಕೆಲಸ ನಿಧಾನ ಮಾಡುತ್ತದೆ. ಒಳಗಿದ್ದದ್ದು ನಿಂತಲ್ಲೇ ನೀರು ಆರಿ ಗಟ್ಟಿಯಾಗುತ್ತದೆ. ರಾತ್ರಿ ಕೊಟ್ಟ ಡೆಟೊಮಿಡಿನ್ ಕೂಡ ಅದನ್ನೇ ಮಾಡುತ್ತದೆ. ಮೇಲಿಂದ ಕುದುರೆ ನಡೆದಾಡದೆ ನಿಂತಿದೆ, ನೀರು ಕಡಿಮೆ ಕುಡಿದಿದೆ. ಮನುಷ್ಯನಿಗೆ ಇದು ಕಿರಿಕಿರಿ. ಮೂವತ್ತು ಮೀಟರ್ ಕರುಳನ್ನು ಹೊಟ್ಟೆಯಲ್ಲಿ ಮಡಚಿಟ್ಟುಕೊಂಡು, ವಾಂತಿ ಮಾಡಲೂ ಬಾರದ ಕುದುರೆಗೆ ಇದು ಪ್ರಾಣದ ಪ್ರಶ್ನೆ.

ಹುಡುಗ ಸ್ಟೆತಸ್ಕೋಪ್ ನನ್ನ ಕಿವಿಗೆ ಇಟ್ಟ. ಹೊಟ್ಟೆಯ ಎರಡೂ ಬದಿ, ಮೇಲೆ ಮತ್ತು ಕೆಳಗೆ, ನಾಲ್ಕು ಜಾಗದಲ್ಲಿ ಕೇಳಬೇಕು. ಆರೋಗ್ಯವಾಗಿರುವ ಕುದುರೆಯ ಹೊಟ್ಟೆ ಬೋರ್‌ವೆಲ್ ಪೈಪಿನಲ್ಲಿ ನೀರು ಏರುವಾಗಿನ ಹಾಗೆ ಗುಡುಗುಡು ಅನ್ನುತ್ತಿರುತ್ತದೆ. ಮೋಡನ ಎಡಗಡೆ ಎರಡು ನಿಮಿಷ ಕೇಳಿದೆ. ಒಂದೇ ಒಂದು ಸಲ ‘ಕುಳಕ್’ ಅಂತು.

ಡಾಕ್ಟರ್ ಬಂದು ಭುಜದವರೆಗೆ ಕವಚ ಹಾಕಿಕೊಂಡು ಗುದದಿಂದ ಕೈ ಹಾಕಿ ನೋಡಿದರು. ದೊಡ್ಡ ಕರುಳು ಎಡಗಡೆ ತಿರುವು ತೆಗೆದುಕೊಂಡು ಸಪೂರವಾಗುವ ಜಾಗದಲ್ಲಿ ಗಟ್ಟಿ ಹಿಟ್ಟಿನ ಹಾಗೆ ಕಟ್ಟಿಕೊಂಡಿತ್ತು. ಬ್ಯುಟಾರ್ಫನಾಲ್ ಪೂರ್ತಿ ನಿಲ್ಲಿಸಿದರು. ಹುಲ್ಲು, ಹುರುಳಿ, ಬೂಸಾ ಎಲ್ಲ ಬಂದ್. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ, ಹೊಟ್ಟೆಯಿಂದ ಏನೂ ವಾಪಸ್ ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಎಪ್ಸಮ್ ಉಪ್ಪು ಕದಡಿದ ಬೆಚ್ಚನೆಯ ನೀರು ಆರು ಲೀಟರ್ ಬಿಟ್ಟರು. ರಕ್ತನಾಳಕ್ಕೆ ಸಲೈನ್. ಕೆಲವು ಗಂಟೆಗೊಮ್ಮೆ ಮತ್ತೆ ಕೊಳವೆ.

ಮಧ್ಯಾಹ್ನದ ಹೊತ್ತಿಗೆ ಮೋಡ ಮತ್ತೆ ಗೋಡೆ ಕಡೆ ತಿರುಗಿ ಅಲ್ಲಾಡದೆ ನಿಂತ. ಈ ಸಲ ನಾನು ‘ಶಾಂತವಾಗಿದ್ದಾನೆ’ ಅನ್ನಲಿಲ್ಲ. ಹೊರಗೆ ನಿಂತು ಮುಖ ನೋಡಿ 12ಕ್ಕೆ 6 ಅಂತ ಪುಸ್ತಕದಲ್ಲಿ ಬರೆದೆ.

ಕರುಳಿಗೆ ಬೇಡ, ಕೀಲಿಗೆ ಬೇಕು. ಆ ಸಂಜೆ ಡಾಕ್ಟರ್ ಮಾರ್ಫಿನ್ ತಂದರು. ಲೈಸೆನ್ಸ್ ಇರುವ ಕಡೆಯಿಂದ ಬರುವ ಔಷಧಿ. ಒಡೆದ ಮೂರು ಆಂಪೂಲ್‌ಗಳ ಗಾಜನ್ನೂ ಲೆಕ್ಕ ಬರೆದು ವಾಪಸ್ ಒಯ್ದರು. ಮಾರ್ಫಿನ್ ಅಂದ ತಕ್ಷಣ ನನಗೆ ಮತ್ತೆ ಸುತ್ತು ಹೊಡೆಯುವ ಕುದುರೆ ಕಣ್ಣಮುಂದೆ ಬಂತು. ಆದರೆ ಇದನ್ನು ರಕ್ತಕ್ಕೆ ಕೊಡಲಿಲ್ಲ, ಬೆನ್ನುಹುರಿಯ ಪಕ್ಕಕ್ಕೆ ಕೊಟ್ಟರು. ಹೆರಿಗೆಗೆ ಹೋದವರಿಗೆ ಗೊತ್ತಿರುವ ಎಪಿಡ್ಯೂರಲ್. ಚಾಚಾ ಬಾಲವನ್ನು ಪಂಪಿನ ಹಿಡಿಯ ಹಾಗೆ ಮೇಲೆ ಕೆಳಗೆ ಆಡಿಸಿದರು. ಎಲ್ಲಿ ಕೀಲು ಆಡುತ್ತದೋ ಅಲ್ಲಿ ಡಾಕ್ಟರ್ ಬೆರಳಿಟ್ಟರು. ಕೂದಲು ಬೋಳಿಸಿ, ತಿಕ್ಕಿ ತೊಳೆದು, ಸೂಜಿ ಚುಚ್ಚಿ, ಅದರ ಬಾಯಿಗೆ ಒಂದು ಹನಿ ಸಲೈನ್ ನಿಲ್ಲಿಸಿದರು. ಸೂಜಿ ಸರಿಯಾದ ಜಾಗಕ್ಕೆ ಇಳಿದಾಗ ಆ ಹನಿ ತಾನಾಗಿಯೇ ಸುಯ್ಯನೆ ಒಳಗೆ ಹೋಯಿತು. ಇಡೀ ಹತ್ತು ದಿನದಲ್ಲಿ ನಾನು ನೋಡಿದ ಚೆಂದದ ಕೆಲಸ ಅದೊಂದೇ. 45 ಮಿ.ಗ್ರಾಂ. ಮಾರ್ಫಿನ್ ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಬಿಟ್ಟರು. ಮಿದುಳಿಗೆ ಹೋಗುವುದು ಕಡಿಮೆ, ಕರುಳಿಗೂ ಕಡಿಮೆ, ಆದರೂ ಸೊನ್ನೆ ಅಲ್ಲ, ಹಾಗಾಗಿ ಲದ್ದಿ ಎಣಿಸುವುದು ಬಿಡಬೇಡಿ ಅಂದರು. ಕೆಲಸ ಶುರುವಾಗಲು ಗಂಟೆಗಳೇ ಬೇಕು, ಶುರುವಾದರೆ ಸಾಮಾನ್ಯವಾಗಿ ಮಾರನೇ ದಿನದವರೆಗೂ ಇರುತ್ತದಂತೆ.

ರಾತ್ರಿ ಹತ್ತೂವರೆಗೆ ನಾನು ಗೋಣಿಚೀಲದ ಮೇಲೆ ಕೂತು ತೂಕಡಿಸುತ್ತಿದ್ದೆ. ಧೊಪ್ ಅಂತ ಸದ್ದಾಯಿತು. ಎದ್ದು ಓಡಿದೆ. ಮೋಡ ಮಲಗಿದ್ದ. ಬಿದ್ದಿರಲಿಲ್ಲ, ಕಾಲು ಮಡಚಿ, ಮೂತಿ ಹುಲ್ಲಿನ ಮೇಲೆ ಇಟ್ಟು, ಸರಿಯಾಗಿ ಮಲಗಿದ್ದ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಆರು ದಿನದಿಂದ ಅವನು ಮಲಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಚಾಚಾ, ಹುಡುಗ, ನಾನು ಮೂವರೂ ಬಾಗಿಲಿಗೆ ಒರಗಿ ಗೊರಕೆ ಕೇಳುತ್ತಾ ನಿಂತೆವು. ಮುಕ್ಕಾಲು ಗಂಟೆಯ ಮೇಲೆ ಎದ್ದ, ಬಾಲ ಎತ್ತಿದ.

ಪುಸ್ತಕದಲ್ಲಿ ಹೀಗಿದೆ: ‘ರಾತ್ರಿ 11.25 – ಲದ್ದಿ!! ಎಂಟು ಉಂಡೆ. ಮೆತ್ತಗೆ.’ ಎರಡು ಆಶ್ಚರ್ಯ ಚಿಹ್ನೆ ನಾನೇ ಹಾಕಿದ್ದು. ಪಕ್ಕದಲ್ಲಿ ಹಸಿರು ಬೆರಳಚ್ಚು ಇದೆ, ಅದು ಚಾಚಾ ಅವರದ್ದು.

ಬೆಳಗಿನವರೆಗೆ ಇನ್ನೂ ಮೂರು ಸಲ ಹಾಕಿದ. ಎರಡು ದಿನ ಬಿಟ್ಟು ಇನ್ನೊಂದು ಸಲ ಎಪಿಡ್ಯೂರಲ್ ಕೊಟ್ಟರು. ಅದಾದ ಮೇಲೆ ಬಾಲದ ಬುಡವನ್ನು ಗೋಡೆಗೆ ಉಜ್ಜಿ ಉಜ್ಜಿ ಕೂದಲು ಕಿತ್ತುಕೊಂಡ. ಮಾರ್ಫಿನ್‌ಗೆ ಹಾಗೆ ತುರಿಕೆ ಬರುವುದೂ ಉಂಟಂತೆ. ಕೀಲಿನ ಸೋಂಕು ವಾಸಿಯಾಯಿತು. ಇನ್ನು ಜಿಗಿತಕ್ಕೆ ಬಳಸಬೇಡಿ ಅಂದಿದ್ದಾರೆ, ಮಕ್ಕಳನ್ನು ಕೂರಿಸಿಕೊಂಡು ನಡೆಯಲು ತೊಂದರೆ ಇಲ್ಲ.

ಹೋದ ತಿಂಗಳು ಒಂದು ಸಂಜೆ ಲಾಯದ ಕಡೆ ಹೋದರೆ ಮೋಡ ಒಳಗೆ ಸುತ್ತು ಹೊಡೆಯುತ್ತಿದ್ದ. ತಲೆ ಕೊಡವುತ್ತಾ, ಮುಂಗಾಲಲ್ಲಿ ನೆಲ ಕೆರೆಯುತ್ತಾ. ನನ್ನ ಎದೆ ಧಸಕ್ ಅಂತು. ಯಾವ ಔಷಧಿಯೂ ಇಲ್ಲ ಈಗ. ಹೊರಗೇ ನಿಂತೆ. ಕಿವಿ ನೋಡಿದೆ, ಕಣ್ಣು ನೋಡಿದೆ, ಗದ್ದ ನೋಡಿದೆ. ಸೊನ್ನೆ. ಎದೆಬಡಿತ ಎಣಿಸಿದೆ, 40. ಹೊಟ್ಟೆಗೆ ಕಿವಿ ಇಟ್ಟೆ, ಗುಡುಗುಡು. ಮೂಲೆಯಲ್ಲಿ ಹಸಿ ಲದ್ದಿ. ಫೋನ್ ಕೈಯಲ್ಲಿ ಹಿಡಿದು ಇನ್ನೇನು ನೋಡಬೇಕು ಅಂತ ಯೋಚಿಸುತ್ತಿರುವಾಗ ಚಾಚಾ ಬಕೆಟ್ ಹಿಡಿದು ಬಂದರು.

‘ಕುಕ್ಕರ್ ಕೆಟ್ಟಿತ್ತು ಮೇಡಂ. ಹುರುಳಿ ಬೇಯೋದು ಲೇಟಾಯ್ತು.’